ಮನೆಯಿಂದ ತಂದದ್ದು

ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ:
ಇವತ್ತಿನ ಆಯುಧ ಪ್ರೇಕ್ಷಕರದ್ದು.
ಗಾಜು ತರಬೇಡಿ, ಮಿಕ್ಕಿದ್ದು ನಿಮ್ಮಿಷ್ಟ.
ಆದರೂ ಒಬ್ಬ ಟ್ಯೂಬ್‌ಲೈಟು ತಂದು ನಿಂತಿದ್ದಾನೆ,
ಎಳೆಗೂಸನ್ನು ಎತ್ತಿಕೊಂಡವನ ಹಾಗೆ, ಎರಡೂ ತೋಳಲ್ಲಿ.

ನಾನು ರೆಫರಿ. ಪಟ್ಟೆ ಅಂಗಿ, ಡಾಕ್ಟರ ಕೈಗವಸು.
ಹಗಲೆಲ್ಲ ಟೈರಂಗಡಿಯಲ್ಲಿ ಪಂಕ್ಚರು.
ಯಂಗ್ಸ್‌ಟೌನಿನ ಸ್ಲೊವಾಕ್ ಸಂಘದ ಈ ಭವನದಲ್ಲಿ
ತಿಂಗಳಿಗೊಂದು ಶನಿವಾರ, ಎಪ್ಪತ್ತು ಡಾಲರಿಗೆ,
ಮಂಡಿಯೂರಿ ಒಂದು, ಎರಡು ಎಣಿಸುತ್ತೇನೆ.
ಮೂರು ಯಾವಾಗ ಅನ್ನುವುದು ಮೊದಲೇ ಗೊತ್ತಿರುತ್ತದೆ.

ಮೇಜಿನ ಮೇಲೆ ಸಾಮಾನು ಬೀಳುತ್ತಿದೆ.
ಒಂದು ಅಕ್ಷರ ಉದುರಿದ ಕೀಬೋರ್ಡು,
ಚೀಸ್ ತುರಿಯುವ ಮಣೆ, ತೊಳೆದೂ ಇಲ್ಲ.
ಗಟ್ಟಿ ರಟ್ಟಿನ ಮದುವೆ ಆಲ್ಬಮ್,
ತಂದವನು ಯಾಕೆಂದು ಹೇಳಲಿಲ್ಲ.
ಒಂಬತ್ತು ವರ್ಷದ ಹುಡುಗ ಬಕೆಟ್ ತುಂಬ ಲೆಗೊ ಕೊಟ್ಟು
ರಸೀದಿ ಬೇಕು ಅನ್ನುವವನ ಹಾಗೆ ಅಲ್ಲೇ ನಿಂತಿದ್ದಾನೆ.

ಮೊದಲ ಸಾಲಿನಲ್ಲಿ ಮಿಸೆಸ್ ಹ್ರಿವ್ನಾಕ್. ಎಂಬತ್ತೊಂದು.
ಪ್ರತಿಸಲ ಸ್ವೆಟರ್ ಹೆಣೆಯುತ್ತಲೇ ನೋಡುವವರು,
ಯಾರದಾದರೂ ಹಣೆ ಒಡೆದರೆ ಮಾತ್ರ
ಕನ್ನಡಕ ಮೇಲಕ್ಕೇರಿಸಿ, ಮತ್ತೆ ಕುಣಿಕೆಗೆ ಮರಳುವವರು.
ಇವತ್ತು ಮಡಿಲಲ್ಲಿ ಉಣ್ಣೆಯಿಲ್ಲ.
ಕರಿ ತಗಡಿನ ಊಟದ ಡಬ್ಬಿ, ಗುಮ್ಮಟದಂಥ ಮುಚ್ಚಳ,
ಗಂಡ ಮೂವತ್ತೊಂದು ವರ್ಷ ಉಕ್ಕಿನ ಕಾರ್ಖಾನೆಗೆ ಒಯ್ದದ್ದು.
ಕಾರ್ಖಾನೆ ಹೋಯಿತು, ಆತ ಹೋದ, ಡಬ್ಬಿ ಫಳಫಳ.

"ಒಂದು ತಗ್ಗಾದರೂ ಬಿದ್ದಿದೆಯಾ ನೋಡು," ಅಂದರು.
"ಅಷ್ಟು ಜೋಪಾನ. ಮನೆಯಲ್ಲಿ ಇನ್ಯಾರಿಗೂ ಇರಲಿಲ್ಲ ಆ ಜೋಪಾನ.
ಎಫ್ರೈನಿಗೆ ಹೇಳು. ತಟ್ಟೋದಲ್ಲ, ಹೊಡೀಬೇಕು."

ಹೇಳಿದೆ. ಅವನು ಶಾಲೆಯ ಬಸ್ ಓಡಿಸುವವನು,
ಬಲು ನಾಜೂಕು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ
ಮೂಲೆಗಳನ್ನು ಹೆಬ್ಬೆರಳಿಂದ ಮುಟ್ಟಿ, ಬೇಡವೆಂದು ಬಿಟ್ಟು,
ಚಪ್ಪಟೆ ಬದಿಯನ್ನು ಆರಿಸಿಕೊಂಡ.
ಕೊವಾಲ್ಚಿಕ್ ತಲೆ ತಗ್ಗಿಸಿ ಕಾದ,
ಕ್ಷೌರಿಕನ ಮುಂದೆ ಕೂತವನ ಹಾಗೆ.

ಎಲ್ಲ ನಾಟಕ ಅನ್ನುತ್ತಾರೆ ಅಂಗಡಿಗೆ ಬರುವವರು.
ನಾನು ವಾದಕ್ಕೆ ಹೋಗುವುದಿಲ್ಲ.
ಲೆಗೊಗೆ ಮಾತ್ರ ಯಾರೂ ಕಥೆ ಹೇಳಿಕೊಟ್ಟಿಲ್ಲ.

ತುಂಬಿದ ಬಾವಿಗೆ ತಂಬಿಗೆ ಕಳಚಿ ಬಿದ್ದ ಸದ್ದು.
ಮುಚ್ಚಳ ಹಾರಿ ತೆರೆಯಿತು.
ಒಳಗಿಂದ ಏನೋ ಬೀಳುತ್ತದೆ ಅಂದುಕೊಂಡಿದ್ದೆ,
ಏನೂ ಬೀಳಲಿಲ್ಲ.
ಬಿದ್ದದ್ದು ಕೊವಾಲ್ಚಿಕ್, ಅಂಗಾತ, ಬಣ್ಣಬಣ್ಣದ ಇಟ್ಟಿಗೆಗಳ ಮೇಲೆ.
ಹುಬ್ಬಿನಿಂದ ಕಿವಿಯತ್ತ ರಕ್ತ ಹೊರಟಿತ್ತು, ಅವಸರವಿಲ್ಲದೆ.

ಭುಜ ನೆಲಕ್ಕೆ ತಾಗಿದೆಯಾ ನೋಡುವ ನೆಪದಲ್ಲಿ
ಅವನ ಕೈ ಹಿಡಿದು ಹಿಂಡಿದೆ.
ತಿರುಗಿ ಹಿಂಡಿದರೆ ಸರಿ. ಅದಷ್ಟೇ ನಮ್ಮ ಭಾಷೆ.
ಹಿಂಡಲಿಲ್ಲ.
ಮತ್ತೆ ಹಿಂಡಿದೆ.
ಜನ ನೆಲ ಒದೆಯುತ್ತಿದ್ದರು. ಎಫ್ರೈನ್ ಅವರಿಗೆ ತೋಳು ತೋರಿಸುತ್ತ
ಕಣ್ಣಂಚಿನಿಂದ ನನ್ನ ಮುಖವನ್ನೇ ನೋಡುತ್ತಿದ್ದ.
ತೋಳುಗಳನ್ನು ತಲೆಯ ಮೇಲೆ ಅಡ್ಡಡ್ಡ ಎತ್ತಿದರೆ
ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಒಂದು ಎತ್ತಿದ್ದೆ.

ಆಗ ಬಂತು, ಒದ್ದೆ ಬೆರಳುಗಳ ಒಂದು ಹಿಂಡು.
ತುಟಿ ಅಲ್ಲಾಡಿಸದೆ ಕೇಳಿದ:
"ಅಜ್ಜಿ ನಗ್ತಾ ಇದಾಳಾ?"
"ಎದ್ದು ನಿಂತಿದಾಳೆ," ಅಂದೆ.
ಎತ್ತಿದ ಕೈಯನ್ನು ಹಾಗೇ ಇಳಿಸಿ
ಎಣಿಕೆಗೆ ಸೇರಿಸಿಕೊಂಡೆ.

ಆಮೇಲೆ ಡಬ್ಬಿ ಹಿಂದಕ್ಕೆ ಕೊಟ್ಟೆವು.
ತಗ್ಗಿನಲ್ಲಿ ಹೆಬ್ಬೆರಳಿಟ್ಟು ಅಳತೆ ನೋಡಿದರು,
"ಸಾಲದು," ಅಂದು ಕೋಟು ಹಾಕಿಕೊಂಡರು.

ಭಾನುವಾರ ಅಲ್ಲಿ ಯಾರದೋ ಮಗುವಿನ ನಾಮಕರಣದ ಊಟ.
ಮೊಳೆಯಾಗಿದ್ದರೆ ಅಯಸ್ಕಾಂತ ಉರುಳಿಸಬಹುದಿತ್ತು,
ಪ್ಲಾಸ್ಟಿಕ್ಕಿಗೆ ಮಂಡಿಯೇ ಗತಿ.
ಹನ್ನೆರಡರವರೆಗೆ ಆರಿಸಿದೆವು, ಎಫ್ರೈನ್, ನಾನು, ಆ ಹುಡುಗ.
ಅವನು ಎಣಿಸಿ, ಒಂದು ಕಡಿಮೆ ಅಂದ.

ರಾತ್ರಿ ಎರಡೂವರೆಗೆ ಕೊವಾಲ್ಚಿಕ್‌ನ ಮೆಸೇಜು:
ಕೆಂಪು. ನಾಲ್ಕು ಗುಂಡಿಯದು.
ಹೆಂಡತಿ ಈಗ ತೆಗೆದಳು. ಹುಡುಗನಿಗೆ ಹೇಳು.