ಮೆಟ್ಟಿಲ ಕೆಳಗಿನ ಮೀಟರು

ತಿಂಗಳ ಹತ್ತರೊಳಗೆ ಸೆಸ್ಕಿನ ಹುಡುಗ ಬರುತ್ತಾನೆ.
ಮೆಟ್ಟಿಲ ಕೆಳಗೆ, ನನ್ನ ಹೊಲಿಗೆ ಮಿಷನ್ನಿನ ಪಕ್ಕ
ಹನ್ನೊಂದು ಮೀಟರು, ಒಂದು ಹಲ್ಲಿ.
ಪರಪರ ಬಿಲ್ಲು ಹರಿದು
ಗುಂಡುಪಿನ್ನಿನ ಡಬ್ಬಿಯ ಕೆಳಗಿಟ್ಟು ಹೋಗುತ್ತಾನೆ.
ಹಂಚುವವಳು ನಾನು.

ಬಿಲ್ಲಿನಲ್ಲಿರುವ ಹೆಸರಿನವರು
ಯಾರೂ ಈಗ ಇಲ್ಲಿಲ್ಲ.
ಮೀಟರಿನ ಹೆಸರು ಬದಲಿಸೋಕೆ
ನಾಲ್ಕು ಕಾಗದ, ಮೂರು ಸಲ ಓಡಾಟ, ಕೆಲವರಿಗೆ ಮರಣಪತ್ರ.
ಬಿಡಿ, ಹಾಗೇ ಬರಲಿ ಅಂದರು ಎಲ್ಲರೂ.
ಹಾಗೇ ಬರುತ್ತಿದೆ.

ಟ್ರಸ್ಟ್ ಬೋರ್ಡಿನವರು ವಿಜಯನಗರದಲ್ಲಿ ಇದನ್ನು ಕಟ್ಟಿದಾಗ
ಸುತ್ತ ಸೈಟುಕಲ್ಲು, ಕಲ್ಲಿನ ನಡುವೆ ಹುರುಳಿ,
ರಾತ್ರಿ ಹಿನಕಲ್ ಕಡೆಯಿಂದ ನರಿ.
ಯಾರಿಗೆ ಮಾರ್ತೀರಿ ಸ್ವಾಮಿ, ಎಂದು ಕೇಳಿದವರಿಗೆ
ಒಂದನೇ ನಂಬರಿನ ತಿರುನಾರಾಯಣ ಅಯ್ಯಂಗಾರ್ಯರು
ಕಾಫಿಬೀಜ ಹುರಿಯುತ್ತಲೇ ಅಂದರಂತೆ:
'ಮೊದಲು ವಾಸನೆ ಹೋಗಲಿ. ಜನ ಅದರ ಹಿಂದೆ ಬರ್ತಾರೆ.'

ಬಂದರು.

ಐದನೆಯದು ಮರಿಮಾದು.
ಜಾವಾ ಫ್ಯಾಕ್ಟರಿ ಮುಚ್ಚಿದ ಮೇಲೆ ಕೈಗೆ ಬಂದಷ್ಟರಲ್ಲಿ
ಕ್ಯಾಸೆಟ್ಟು ಬಾಡಿಗೆ ಅಂಗಡಿ ತೆಗೆದ.
ಶಟರು ಎತ್ತುವ ಮುಂಚೆ ಒಮ್ಮೆ ಒದೆಯುತ್ತಿದ್ದ,
ಬೈಕಿಗೆ ಕಿಕ್ ಹೊಡೆದ ಹಾಗೆ.
ಅವನಾದ ಮೇಲೆ ಹಾಲಿನ ಬೂತು,
ಆಮೇಲೆ ಚೀಟಿ ಕಂಪನಿ
(ರಾತ್ರೋರಾತ್ರಿ ಖಾಲಿ, ಗೋಡೆಗೆ ಕ್ಯಾಲೆಂಡರು ಬಿಟ್ಟು;
ನನ್ನ ಆರು ಸಾವಿರವೂ ಅದರ ಜೊತೆ ಹೋಯಿತು),
ಈಗ ಬ್ಯೂಟಿ ಪಾರ್ಲರು.
ಶಟರಿನ ತಗ್ಗು ಮಾತ್ರ ಮರಿಮಾದುವಿನ ಚಪ್ಪಲಿಯ ಅಳತೆಗೇ ಇದೆ.
ಮಿಜೋರಾಮಿನ ಹುಡುಗಿ ಬಿಲ್ಲು ಹಿಡಿದು ಕೇಳುತ್ತಾಳೆ,
'ಮರಿಮಾದು ಯಾರು ಆಂಟಿ?'
'ನೀನೇ ಕಣೆ. ಹೋಗಿ ಕಟ್ಟು.'

ಎಂಟನೆಯದು ನಾಗಸುಂದರನ ಎಸ್‌ಟಿಡಿ ಬೂತು.
ಒಂದು ಕಾಲು ಸಣ್ಣ, ದನಿ ದೊಡ್ಡದು.
ರಾತ್ರಿ ರೇಟು ಇಳಿದ ಮೇಲೆ ಮೆಟ್ಟಿಲವರೆಗೂ ಸಾಲು.
ಗಾಜಿನ ಗೂಡಿನೊಳಗೆ ಯಾರಾದರೂ ಅತ್ತರೆ
ಅವನು ಮುಖ ನೋಡುತ್ತಿರಲಿಲ್ಲ,
ಕೆಂಪು ಅಂಕಿ ಓಡುವುದನ್ನೇ ನೋಡುತ್ತಿದ್ದ.
ಒಮ್ಮೆ ನಾನೂ ಅತ್ತಿದ್ದೆ. ಯಾಕೆಂಬುದು ಇಲ್ಲಿ ಬೇಡ.
ಹನ್ನೊಂದು ರೂಪಾಯಿ ನಲವತ್ತು ಪೈಸೆ ಆಗಿತ್ತು;
ನಲವತ್ತು ಪೈಸೆ ಬಿಟ್ಟ.

ಮೂರನೆಯದನ್ನು ಮರೆತೆ ಅಂದುಕೊಂಡಿರಾ?
ಅಬ್ದುಲ್ ವಾಜಿದ್, ಗಂಟೆಗೆ ಎಂಟಾಣೆ ಸೈಕಲ್ಲು.
ಈ ಬಡಾವಣೆಯ ಅರ್ಧ ಮಂಡಿಗಳ ಗಾಯದ ಕಲೆ
ಅವನ ಅಂಗಡಿಯದ್ದು.
ಈಗಲ್ಲಿ ಮೊಬೈಲಿನ ಕವರು ನೇತಾಡುತ್ತವೆ.
ಹೋದ ತಿಂಗಳು ವಾಜಿದನ ಮಗ ತನ್ವೀರ ಬಂದ,
ಯಾವುದೋ ಕಚೇರಿಯವರು ಕೇಳಿದ್ದಾರಂತೆ,
ಅಪ್ಪ ಇಲ್ಲಿ ಅಂಗಡಿ ಇಟ್ಟಿದ್ದಕ್ಕೆ ಪುರಾವೆ.
ಡಬ್ಬಿ ಸರಿಸಿ ಆ ತಿಂಗಳ ಬಿಲ್ಲನ್ನೇ ಕೊಟ್ಟೆ.
ಬಿಸಿಲಿಗೆ ಹಿಡಿದು ಓದಿದ:
'ಅಪ್ಪ ಹೋಗಿ ಹತ್ತೊಂಬತ್ತು ವರ್ಷ.
ಹೋದ ತಿಂಗಳು ಇನ್ನೂರ ಹನ್ನೆರಡು ಯೂನಿಟ್ಟು ಸುಟ್ಟಿದ್ದಾರೆ ನೋಡಿ!
ಮನೇಲಿ ಒಂದು ಲೈಟು ಜಾಸ್ತಿ ಉರಿದರೆ ಬೈಯೋರು.'
ನಕ್ಕ. ಇನ್ನೂ ನಗುತ್ತಲೇ ಇದ್ದ,
ನಾನು ಮಿಷನ್ನು ತುಳಿಯುವುದು ನಿಲ್ಲಿಸಿದೆ.
ಕವರಿನ ಅಂಗಡಿಯ ಭವರಲಾಲ ಬೇಡಬೇಡವೆಂದರೂ
ಆ ತಿಂಗಳಿನದನ್ನು ಅವನೇ ಕಟ್ಟಿ ಹೋದ.

ನನಗೆ ಮೀಟರಿಲ್ಲ.
ನಾಲ್ಕನೇ ನಂಬರಿನಿಂದ ಒಂದು ವೈರು, ಒಂದು ಬಲ್ಬು,
ಬದಲಿಗೆ ಅವರ ಮನೆ ಸೀರೆಗಳಿಗೆಲ್ಲ ಫಾಲು.

ಮೊನ್ನೆ ಪಾಲಿಕೆಯಿಂದ ಇಬ್ಬರು ಬಂದಿದ್ದರು.
ಕಟ್ಟಡ ಹಳತಾಯಿತಂತೆ, ಒಡೆಯುತ್ತಾರೋ, ಹರಾಜು ಹಾಕುತ್ತಾರೋ,
ಕೇಳಿದರೆ ಸಾಹೇಬರನ್ನು ಕೇಳಿ ಅಂದರು.
ಅಳೆಯುತ್ತಾ ಅಳೆಯುತ್ತಾ ಇಲ್ಲಿಗೂ ಬಂದು
'ಅಮ್ಮಾ, ಸ್ವಲ್ಪ ಈ ತುದಿ ಹಿಡ್ಕೊಳ್ಳಿ' ಅಂದ ಒಬ್ಬ.
ಇನ್ನೊಬ್ಬ ಬರೆದುಕೊಳ್ಳುತ್ತಾ ಜೋರಾಗಿ ಓದಿದ:
'ಮೆಟ್ಟಿಲ ಕೆಳಗೆ, ಐದೂವರೆಗೆ ನಾಲ್ಕು, ಖಾಲಿ.'

ಟೇಪು ಸಡಿಲವಾಗದ ಹಾಗೆ
ಬಿಗಿಯಾಗಿ ಹಿಡಿದಿದ್ದೆ ನಾನು.