ಸುಗ್ಗಿಹಬ್ಬದ ಸವಾಲು

ಇಪ್ಪತ್ತೆರಡು ವರ್ಷ ಆತು, ನಮ್ಮ ಸಭೆಯ ಸುಗ್ಗಿಹಬ್ಬಕ್ಕ
ಸವಾಲು ಕೂಗಾಂವ ನಾನ.
ಕುಂಬಳಕಾಯಿ, ಬಾಳೆಗೊನಿ, ಒಂದು ಸೇರು ಹೊಸ ಜ್ವಾಳ,
ಕಾಲು ಕಟ್ಟಿದ ಹುಂಜ.
ಒಂದ ಸಲ, ಎರಡ ಸಲ…
ನನ್ನ ದನಿ ರಾಣೇಬೆನ್ನೂರ ಟೇಶನ್ನಿನ ತನಕ ಕೇಳತೈತಿ ಅಂತಾರ.

ಅವತ್ತು ಅಯ್ಯನವರು ಪ್ರಸಂಗದಾಗ
ಕುರಿ ಕಾಯುತಿದ್ದ ಆ ಹಳೇ ಪ್ರವಾದಿಯ ಸಿಟ್ಟು ತಗದಿದ್ರು:
ಬಡವರಿಗೆ ಒಂದು ಜೋಡು ಕೆರದ ಬೆಲಿ ಕಟ್ಟಿದವರ ಮ್ಯಾಲ.
ಖರೇ ಐತಿ, ಖರೇ ಐತಿ, ತಲಿ ಆಡಿಸಿದ್ವಿ.
ಆ ರಾಜ್ಯ ದೂರ, ಆ ಕಾಲ ದೂರ.
ನಮ್ಮ ಚಪ್ಪಲಿ ಬಾಗಲದ ಹೊರಗ ಸಾಲಾಗಿ ಬಿಟ್ಟಿದ್ವು.

ಎಲಿಯಾಜರಣ್ಣನ ಹತ್ತಿಬೀಜದ ಪ್ಲಾಟಿಗೆ
ಹಾಜರಿ ಬರಿಯಾಂವನೂ ನಾನ.
ಸಂಜಿಕ ಮೊಗ್ಗು ಸುಲಿಯೂದು,
ಮುಂಜಾನೆ ಗಂಡುಹೂವಿನ ಪುಡಿ ತಾಗಸೂದು,
ಸಣ್ಣ ಬೆರಳಿಗೇ ಬಗ್ಗತೈತಿ ಆ ಕೆಲಸ.
ಅದಕ್ಕ ನಾವು ಕ್ರಾಸ್ ಅಂತೀವಿ.
ಹಾಲವ್ವ. ಕ್ರಾಸ್. ಮುಂಗಡ ಹದಿನೆಂಟು ಸಾವಿರ, ಅಪ್ಪ ತಗೊಂಡಾನ.
ಮೂರು ಹಂಗಾಮು ಬರದೀನಿ ಆ ಸಾಲು.
ದುಡದದ್ದು ಕಳದೆ, ಊಟ ಕೂಡಿಸಿದೆ, ಜ್ವರದ ಗುಳಿಗಿ ಕೂಡಿಸಿದೆ,
ಹದಿನೆಂಟು ಇಪ್ಪತ್ತೊಂದಾತು.
ಲೆಕ್ಕ ತಪ್ಪಿಲ್ಲ. ಎರಡು ಸಲ ನೋಡೀನಿ.

ಹುಂಜ ಐನೂರಕ್ಕ ನಿಂತಿತ್ತು, ಎರಡ ಸಲ ಅಂದಿದ್ದೆ,
ಬಾಗಲದಾಗ ಬಂದು ನಿಂತಳು.
ನಮ್ಮ ಚಪ್ಪಲಿಗಳ ನಡುವ, ಬರಿಗಾಲು.
ಲಂಗಕ್ಕ ಹೊಲಕ್ಕ ಹೊಡಿಯೂ ಎಣ್ಣಿಯ ನಾತ.
ಅಳಲಿಲ್ಲ. ಕೇಳಿದಳು:
"ಅಣ್ಣಾರ, ನನ್ನ ಸವಾಲು ಎಷ್ಟಕ್ಕ ನಿಂತೈತ್ರಿ?
ಲಗೂನ ಮುಗಸ್ರಿ, ಮನಿಗೆ ಹೋಗಬೇಕು."

ಪಂಖಾ ತಿರುಗೂ ಸಪ್ಪಳ.
ಎಲಿಯಾಜರಣ್ಣ ಗೋಡಿ ಮ್ಯಾಲಿನ ಶಿಲುಬೆ ನೋಡಿದ,
ಮೊದಲ ಸಲ ನೋಡಿದಂಗ.
ಯಾರ ಕೂಸದು? ನಿಮ್ಮ ಪ್ಲಾಟಿಂದೇನು?
ಎಲ್ಲಾರೂ ನನ್ನ ಕಡೆ ತಿರುಗಿದ್ರು. ವಹಿ ಹಿಡಿಯಾಂವ ನಾನಲ್ಲೇನು.
ಗೊತ್ತಿಲ್ರಿ, ಅಂದೆ.
ಕೈಯಾಗಿನ ಹುಂಜ ಕೂಗಿತು.

ಹುಡುಗರು ನಕ್ಕವು.
ಅಯ್ಯನವರು ನಗಲಿಲ್ಲ.
ಅಷ್ಟು ದೊಡ್ಡ ದನಿ ನಂದು,
ಮೂರನೇ ಸಲ ಅನ್ನಾಕ ಬರಲಿಲ್ಲ.
ಗುಡುಗಿನಂಥಾ ಮಾತು ಬರತೈತಿ ಅಂತ
ಇಷ್ಟು ವರ್ಷ ಬಾಕಿನ ಮ್ಯಾಲ ಕುಂತಿದ್ವಿ,
ಸಣ್ಣದೊಂದು ಪ್ರಶ್ನಿ ಬಂತು.

ಈಗ ರಾತ್ರಿ. ಹಾಲವ್ವ ಅಯ್ಯನವರ ಮನಿಯಾಗ ಮಲಗ್ಯಾಳ,
ಅಮ್ಮಾರು ಬೆರಳಿಗೆ ಕೊಬ್ಬರಿ ಎಣ್ಣಿ ಹಚ್ಯಾರಂತ.
ಹುಂಜದ ಕಟ್ಟು ಬಿಚ್ಚೀನಿ, ಹಿತ್ತಲದಾಗ ಓಡಾಡತೈತಿ.
ಎಲಿಯಾಜರಣ್ಣನ ಫೋನು ನಾಕು ಸಲ ಬಂತು, ಎತ್ತಿಲ್ಲ.
ವಹಿ ತೊಡಿ ಮ್ಯಾಲೈತಿ.
ತಹಶೀಲ್ದಾರ ಕಚೇರಿ ಹತ್ತಕ್ಕ ತಗೀತಾರ.
ಅಲ್ಲಿ ಕೇಳತಾರ, ಈ ಅಕ್ಷರ ಯಾರದು?
ದೇವರ,
ನಂದು ಅನ್ನೂವಷ್ಟು ದನಿ
ಮುಂಜಾನೆ ತನಕ ಉಳಸು.