ನಾಲ್ಕನೇ ಜ್ವರ

ಹತ್ತೂಮುಕ್ಕಾಲು.
ಶಿಡ್ಲಘಟ್ಟದ ಕೊನೇ ಬಸ್ಸು
ತಿರುವಿನಲ್ಲಿ ಹಾರನ್ ಹೊಡೆದು ಹೋಯಿತು.
ಚಾರ್ವಿ ಎದ್ದು ಕೂತಳು: "ಬಚ್ಚು!"
ಅಲ್ಲಿಗೆ ಮುಗಿಯಿತು ನನ್ನ ಮುಕ್ಕಾಲು ಗಂಟೆಯ ಗೇಮೆ,
ಬೆನ್ನು ತಟ್ಟಿದ್ದು, ಜೋ ಅಂದಿದ್ದು,
ಪಕ್ಕದಲ್ಲೇ ಬಿದ್ದುಕೊಂಡು ಸುಳ್ಳುಗೊರಕೆ ಹೊಡೆದಿದ್ದು.

ನಿದ್ದೆ ಬರುವುದಿಲ್ಲ ಅಂತಲ್ಲ ಇವಳಿಗೆ.
ಬರುತ್ತದೆ. ರೆಪ್ಪೆಯ ತನಕ ಬಂದು
ಹೊಸಿಲಾಚೆ ನೆಂಟನ ಹಾಗೆ ಚಪ್ಪಲಿ ಬಿಟ್ಟು ಕಾಯುತ್ತದೆ.
ಇವಳು ಕಣ್ಣುಜ್ಜಿ, ಕಿವಿ ಜಗ್ಗಿಕೊಂಡು, ಆಕಳಿಸಿ,
ಆಕಳಿಕೆಯ ನಡುವೆಯೇ "ನಿದ್ದೆ ಇಲ್ಲ" ಅನ್ನುತ್ತಾಳೆ,
ಸಾಲ ಕೇಳಲು ಬಂದವನಿಗೆ
"ಅವರು ಮನೇಲಿಲ್ಲ" ಅನ್ನುವಷ್ಟು ಸಲೀಸಾಗಿ.

ನೀರು ಬೇಕು. ಕುಡಿಸಿದೆ.
ಉಚ್ಚೆ. ಅಂಗಳದಲ್ಲಿ ಕೂರಿಸಿದೆ, ಬರಲಿಲ್ಲ.
ಚುಕ್ಕಿ ಎಣಿಸಿದಳು: ಒಂದು, ಎರಡು, ಐದು, ಒಂದು.
ಕೋತಿ ಕತೆ. ಹೇಳಿದೆ.
ನಂದಿಬೆಟ್ಟದ ಕೋತಿ ಯಾರದೋ ಟೋಪಿ ಕಿತ್ತುಕೊಂಡು
ಬಂಡೆ ಹತ್ತಿ ಮಲಗಿಬಿಟ್ಟಿತು.
"ಯಾಕೆ?"
ಸುಸ್ತಾಗಿತ್ತು.
"ಯಾಕೆ?"
ಅದರ ಮಗಳು ಮಲಗಿರಲಿಲ್ಲ.

ಒಳಕೋಣೆಯಿಂದ ಅತ್ತೆಯ ದನಿ, ತೆಲುಗಿನಲ್ಲಿ:
"ಬಿಡ್ಡನು ಪಡುಕೋಬೆಟ್ಟಪ್ಪಾ, ನೀ ಮಾಟಲೇ ಎಕ್ಕುವ."
ಮುನಿರತ್ನಳಿಗೆ ಈಗ ಯಾವ ಭಾಷೆಯೂ ಕೇಳಿಸದು.
ನಾಲ್ಕಕ್ಕೇ ಎದ್ದು ಸೊಪ್ಪು ಕೊಯ್ದವಳು,
ಅಂಗೈಯಲ್ಲಿ ಇನ್ನೂ ಹಸಿರು ಕರೆ.
ಅವಳ ನಿದ್ದೆಯಿಂದ ಒಂದು ಪಾವು ಅಳೆದು
ಇವಳ ಕಣ್ಣಿಗೆ ಸುರಿಯುವಂತಿದ್ದರೆ.

ಒಮ್ಮೆ ಗದರಿದೆ, ಹೇಳದೆ ಇರಬಾರದು.
ಕೆಳತುಟಿ ಮುಂದಕ್ಕೆ ಬಂತು. ಅಳಲಿಲ್ಲ.
ಬೇರೆ ಯಾರದೋ ಅಪ್ಪ ಬಂದು ಕೂತಿದ್ದಾನೆ ಎಂಬಂತೆ
ನನ್ನನ್ನೇ ನೋಡಿದಳು.

ಮಾತಾಡದೆ ಎತ್ತಿಕೊಂಡೆ.
ಇಬ್ಬರ ಕಾಲೂ ತೊಳೆದು
ಹುಳದ ಮನೆಯ ಚಿಲಕ ತೆಗೆದೆ.
ಮಕ್ಕಳನ್ನು ಒಳಗೆ ಬಿಡುವುದಿಲ್ಲ,
ನಾನೇ ಬರೆಸಿದ ಬೋರ್ಡಿದೆ ಬಾಗಿಲಲ್ಲಿ.

ಮೊನ್ನೆ ತನಕ ಇಲ್ಲಿ ಸೋನೆ ಹಿಡಿದಂಥ ಸದ್ದು,
ನಲವತ್ತು ಸಾವಿರ ಬಾಯಿ ಎಲೆ ಕೊರೆಯುವ ಸದ್ದು.
ಇವತ್ತು ಒಂದೂ ಮಿಸುಕುತ್ತಿಲ್ಲ.
ನಾಲ್ಕನೇ ಜ್ವರಕ್ಕೆ ಕೂತಿವೆ,
ಸುಣ್ಣದ ಪುಡಿಯ ಕೆಳಗೆ, ತಲೆ ಎತ್ತಿ,
ಎತ್ತಿದಲ್ಲೇ ನಿದ್ದೆ.
ಇವಕ್ಕೆ ಯಾರೂ ತಟ್ಟಲಿಲ್ಲ,
ಕೋತಿಯ ಟೋಪಿ ಏನಾಯಿತೆಂದು ಇವು ಕೇಳಲಿಲ್ಲ.

ನಾನು ಬಾಯಿ ಮೇಲೆ ಬೆರಳಿಟ್ಟೆ.
ಅವಳೂ ಇಟ್ಟಳು, ನನ್ನ ಬಾಯಿ ಮೇಲೆ.
"ಹುಳ ತಾಚಿ?"
ತಾಚಿ.
"ಅಮ್ಮ ತಾಚಿ?"
ಅಮ್ಮಾನೂ.
"ಅಜ್ಜಿ?"
ಮನೆಯಿಂದ ಕೆಮ್ಮು ಕೇಳಿಸಿತು. ಅಜ್ಜಿ ಆಮೇಲೆ.
"ಬಚ್ಚು?"
ಬಸ್ಸೂ ತಾಚಿ, ಲೈಟು ಆರಿಸಿಕೊಂಡು.
"ಅಪ್ಪ?"

ಇದಕ್ಕೆ ತಟ್ಟನೆ ಉತ್ತರ ಹೊಳೆಯಲಿಲ್ಲ.
ಅವಳು ಕಾಯಲೂ ಇಲ್ಲ.
ಭುಜಕ್ಕೆ ಕೆನ್ನೆ ಆನಿಸಿ ನನ್ನ ಬೆನ್ನು ತಟ್ಟತೊಡಗಿದಳು,
ನನ್ನದೇ ತಾಳ, ಎರಡು ಮೆಲ್ಲಗೆ, ಒಂದು ಜೋರು,
"ಅಪ್ಪ ತಾಚಿ ಮಾಡು, ಕಣ್ಣು ಮುಚ್ಚು."
ಮುಚ್ಚಿದೆ.
ಕೈ ನಿಧಾನವಾಯಿತು. ನಿಂತಿತು.
ಏನೋ ಬಾಕಿ ನೆನಪಾದಂತೆ ಇನ್ನೊಮ್ಮೆ ತಟ್ಟಿತು.
ಆಮೇಲೆ ಬರೀ ಭಾರ.
ಎಚ್ಚರವಿದ್ದಾಗ ಹನ್ನೊಂದು ಕೇಜಿ,
ನಿದ್ದೆ ಬಿದ್ದ ಮೇಲೆ ಒಂದು ಹೊರೆ ಒದ್ದೆಸೊಪ್ಪು.

ಹೋಗಿ ಮಲಗಿಸಬೇಕು. ಹೋಗಲಿಲ್ಲ.
ಅಲುಗಿದರೆ ಎದ್ದಾಳೆಂಬ ಭಯ,
ಅದೊಂದೇ ಅಲ್ಲ.
ನಾಳೆ ಸಂಜೆಗೆ ಇವು ಜ್ವರ ಎದ್ದು
ಹಳೇ ತೊಗಲು ಅಲ್ಲೇ ಬಿಟ್ಟು ಮುಂದೆ ಹರಿಯುತ್ತವೆ,
ಮತ್ತೆ ಹಗಲಿರುಳೂ ಹಸಿವು.
ಯುಗಾದಿಗೆ ತಂದ ಫ್ರಾಕು
ಇವಳಿಗೆ ಆಗಲೇ ಕಂಕುಳಲ್ಲಿ ಹಿಡಿಯುತ್ತಿದೆ.

ದೂರದಲ್ಲಿ ಯಾವುದೋ ಗಾಡಿ ತಿರುವಿಗೆ ಬರುತ್ತಿದೆ.
ಹಾರನ್ ಮಾತ್ರ ಹೊಡೀಬೇಡ ಕಣಪ್ಪಾ.